ಹೆಬ್ಬಾತಿನ ಊಟ, ಒಡೆದ ಗೋಡೆ, ರಿವರ್ಸ್ ಬೀಪ್: ಸ್ವಂತ ಗಾಡಿ ಜೊತೆಗಿನ ಎಡವಟ್ಟುಗಳ ಇತಿಹಾಸ

ಈ ಸಲದ ಮಾತು ಗಾಡಿಗಳ ಬಗ್ಗೆ. ಮೈಲೇಜ್ ಎಷ್ಟು, ಯಾವ ಕಾರ್ ತಗೋಬೇಕು ಅನ್ನೋ ವಿಷಯ ಅಲ್ಲ. ಸ್ವಂತ ಗಾಡಿಯನ್ನ ಸ್ಟಾರ್ಟ್ ಮಾಡೋಕೆ, ರಿಪೇರಿ ಮಾಡೋಕೆ, ಇಲ್ಲಾ ಸುಮ್ಮನೆ ಶೆಡ್ಡಿನಿಂದ ಆಚೆ ತರೋಕೆ ಹೋಗಿ ಜನ ಮಾಡಿಕೊಂಡ ಎಡವಟ್ಟುಗಳ ಬಗ್ಗೆ. ಟ್ರಾಫಿಕ್‌ನಲ್ಲಿ ಆಗುವ ಅಪಘಾತ ಬೇರೆ, ಅದರಲ್ಲಿ ಇನ್ನೊಬ್ಬರ ಮೇಲೆ ತಪ್ಪು ಹೊರಿಸೋಕೆ ಜಾಗ ಇರುತ್ತೆ. ನಮ್ಮ ಮನೆ ಅಂಗಳದಲ್ಲಿ, ನಮ್ಮದೇ ಗಾಡಿಯನ್ನ, ನಮ್ಮದೇ ಗೋಡೆಗೆ ಗುದ್ದಿದರೆ ಬೈಯೋಕೂ ಯಾರೂ ಸಿಗಲ್ಲ.

ವಾಹನಗಳ ಇತಿಹಾಸ ಅಂದರೆ ಸಾಮಾನ್ಯವಾಗಿ ಸಂಶೋಧಕರು, ಪೇಟೆಂಟುಗಳು, ಕಾರ್ಖಾನೆಗಳು. ಆದರೆ ಇವತ್ತಿನ ಕಾರು ಬೈಕುಗಳಲ್ಲಿರುವ ಎಷ್ಟೋ ಬಿಡಿಭಾಗಗಳ ಹಿಂದೆ ಹೋದರೆ ಯಾರೋ ಒಬ್ಬರು ತಮ್ಮ ಗಾಡಿ ಪಕ್ಕ ಪೆಚ್ಚಾಗಿ ನಿಂತ ಒಂದು ದಿನ ಸಿಗುತ್ತೆ. ಅದನ್ನೆಲ್ಲ ಓದುತ್ತಾ ಹೋದಾಗ ನನಗೆ ಕಂಡದ್ದು ಇದು: ಎಡವಟ್ಟು ಆದವರು ಅದನ್ನ ಬಾಯಿಬಿಟ್ಟು ಹೇಳಿದ ಕಡೆ, ಕೇಳಿದವರು ನಗದೆ ಕೇಳಿಸಿಕೊಂಡ ಕಡೆ, ಯಂತ್ರ ಬದಲಾಯಿತು. "ಓಡಿಸೋಕೆ ಬರಲ್ಲ ಅವರಿಗೆ" ಅಂತ ಫೈಲ್ ಮುಚ್ಚಿದ ಕಡೆ ಅದೇ ತಪ್ಪು ದಶಕಗಟ್ಟಲೆ ನಡೀತಾ ಬಂತು. ನಾನು ಸಾಫ್ಟ್‌ವೇರ್‌ನವನು, ನಮ್ಮಲ್ಲಿ "ಯೂಸರ್ ಎರರ್" ಅಂತ ಬರೆದು ಟಿಕೆಟ್ ಕ್ಲೋಸ್ ಮಾಡೋದನ್ನ ದಿನಾ ನೋಡ್ತೀನಿ. ಹಾಗಾಗಿ ಈ ವಿಷಯದಲ್ಲಿ ನನ್ನ ಪಕ್ಷಪಾತ ಯಾವ ಕಡೆಗೆ ಅಂತ ಮೊದಲೇ ಗೊತ್ತಿರಲಿ.

ಶುರು ಮಾಡೋಣ, ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್‌ನಿಂದ. ತವರ, ತಾಮ್ರದ ಗಣಿಗಳ ನಾಡು. ನಮ್ಮ ಕೆಜಿಎಫ್‌ಗೆ ಬ್ರಿಟಿಷರ ಕಾಲದಲ್ಲಿ ಬಂದ ಗಣಿ ಕಸುಬಿನವರಲ್ಲಿ ಬಹಳ ಜನ ಇದೇ ಕಾರ್ನ್‌ವಾಲ್‌ನವರು. ಅಲ್ಲಿನ ಕ್ಯಾಂಬೋರ್ನ್ ಊರಲ್ಲಿ ರಿಚರ್ಡ್ ಟ್ರೆವಿಥಿಕ್ ಅಂತ ಒಬ್ಬ ಗಣಿ ಎಂಜಿನಿಯರ್ ಇದ್ದ. ಆಗಿನ ಕಾಲಕ್ಕೆ ಸ್ಟೀಮ್ ಎಂಜಿನ್ ಅಂದರೆ ಜೇಮ್ಸ್ ವಾಟ್‌ನದ್ದು: ಕಡಿಮೆ ಒತ್ತಡದ, ಮನೆಯಷ್ಟು ದೊಡ್ಡ, ಇಟ್ಟ ಜಾಗದಿಂದ ಅಲ್ಲಾಡದ ಯಂತ್ರ. ಟ್ರೆವಿಥಿಕ್ ಉಗಿಯ ಒತ್ತಡವನ್ನ ಜಾಸ್ತಿ ಮಾಡಿ, ಎಂಜಿನ್ನನ್ನ ಚಿಕ್ಕದು ಮಾಡಿ, ಅದನ್ನ ಗಾಲಿಗಳ ಮೇಲೆ ಕೂರಿಸಿದ. 1801ರ ಡಿಸೆಂಬರ್ 24, ಕ್ರಿಸ್‌ಮಸ್ ಹಿಂದಿನ ದಿನ, ಆ ಗಾಡಿ ಹಲವು ಜನರನ್ನ ಮೇಲೆ ಹತ್ತಿಸಿಕೊಂಡು ಕ್ಯಾಂಬೋರ್ನ್‌ನ ಏರು ಹತ್ತಿತು. ಕುದುರೆ ಇಲ್ಲದೆ, ಹಳಿ ಇಲ್ಲದೆ, ರಸ್ತೆ ಮೇಲೆ ಜನರನ್ನ ಹೊತ್ತು ಏರು ಹತ್ತಿದ್ದು. ಸಣ್ಣ ಮಾತಲ್ಲ.

ಇದಾಗಿ ನಾಲ್ಕು ದಿನ ಕೂಡ ಕಳೆದಿರಲಿಲ್ಲ, ಗಾಡಿಯನ್ನ ಮತ್ತೆ ಹೊರಗೆ ತೆಗೆದರು. ರಸ್ತೆಗೆ ಅಡ್ಡ ಇದ್ದ ಒಂದು ಕೊರಕಲಿನ ಹತ್ತಿರ ಅದು ಹದ ತಪ್ಪಿ ಕೆಟ್ಟು ನಿಂತಿತು. ಎಲ್ಲ ಸೇರಿ ತಳ್ಳಿ ಪಕ್ಕದಲ್ಲಿದ್ದ ಒಂದು ಮಾಡಿನ ಕೆಳಗೆ ಸೇರಿಸಿದರು. ಚಳಿಗಾಲ, ಹಬ್ಬದ ದಿನಗಳು, ಮೈಯೆಲ್ಲ ಸುಸ್ತು. ಹತ್ತಿರದಲ್ಲೇ ಒಂದು ಛತ್ರ ಇತ್ತು. ಒಳಗೆ ಹೋಗಿ ಹುರಿದ ಹೆಬ್ಬಾತು ತರಿಸಿಕೊಂಡರು, ಕುಡಿಯೋಕೂ ತರಿಸಿಕೊಂಡರು. ಆದರೆ ಬಾಯ್ಲರಿನ ಕೆಳಗೆ ಬೆಂಕಿ ಉರೀತಾನೇ ಇತ್ತು. ಅದನ್ನ ಆರಿಸಬೇಕು ಅಂತ ಒಬ್ಬರಿಗೂ ನೆನಪಾಗಲಿಲ್ಲ. ನೀರೆಲ್ಲ ಆವಿಯಾಗಿ ಹೋಯಿತು, ಕಬ್ಬಿಣ ಕೆಂಪಗೆ ಕಾಯಿತು, ಮರದ ಭಾಗಗಳಿಗೆ ಬೆಂಕಿ ಹತ್ತಿತು. ಗಾಡಿ ಜೊತೆ ಆ ಮಾಡೂ ಸುಟ್ಟು ಹೋಯಿತು. ಇದನ್ನ ಬರೆದಿಟ್ಟವನು ಟ್ರೆವಿಥಿಕ್‌ನ ಗೆಳೆಯ ಡೇವಿಸ್ ಗಿಡ್ಡಿ, ಮುಂದೆ ಡೇವಿಸ್ ಗಿಲ್ಬರ್ಟ್ ಅನ್ನೋ ಹೆಸರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷನಾದ ಮನುಷ್ಯ. ಬರೆಯುವಾಗ ಸ್ವಲ್ಪ ನಗುತ್ತಲೇ ಬರೆದಿದ್ದಾನೆ ಅನ್ಸುತ್ತೆ.

ಇಲ್ಲಿ ಏನಾಯಿತು ನೋಡಿ. ಎಂಜಿನ್ ವಿನ್ಯಾಸದ ಸಮಸ್ಯೆ ಅಲ್ಲ, ಓಡಿಸೋ ಕೌಶಲದ ಸಮಸ್ಯೆಯೂ ಅಲ್ಲ. ಗಾಡಿ ನಿಂತಿದೆ ಅಂದ್ರೆ ಕೆಲಸ ಮುಗೀತು ಅಂತ ಮನಸ್ಸು ಹೇಳಿತು. ಕುದುರೆ ಗಾಡಿಗೆ ಅದು ನಿಜ, ಕುದುರೆ ಕಟ್ಟಿ ಊಟಕ್ಕೆ ಹೋಗಬಹುದು. ಈ ಹೊಸ ಗಾಡಿ ನಿಂತಿದ್ದಾಗಲೂ ಒಳಗೆ ಕೆಲಸ ಮಾಡ್ತಾನೇ ಇರುತ್ತೆ ಅನ್ನೋದು ಅದನ್ನ ಕಟ್ಟಿದವನ ಕೈಗೇ ಇನ್ನೂ ರೂಢಿಯಾಗಿರಲಿಲ್ಲ.

ಆ ದಿನವೇ ಟ್ರೆವಿಥಿಕ್ ಪಾಠ ಕಲಿತ ಅಂತ ನಾನು ಹೇಳಲ್ಲ. ನಡುವೆ ನಾಲ್ಕು ಜನ ಸಾಯಬೇಕಾಯಿತು. 1803ರ ಸೆಪ್ಟೆಂಬರ್‌ನಲ್ಲಿ ಲಂಡನ್ ಹತ್ತಿರದ ಗ್ರೀನಿಚ್‌ನಲ್ಲಿ ಅವನ ಇನ್ನೊಂದು ಎಂಜಿನ್, ಗಾಲಿ ಇಲ್ಲದ, ನೀರೆತ್ತುವ ಎಂಜಿನ್, ಸ್ಫೋಟಿಸಿತು. ಅದನ್ನ ನೋಡಿಕೊಳ್ಳಬೇಕಿದ್ದ ಹುಡುಗ ಹಾವುಮೀನು ಹಿಡಿಯೋಕೆ ಅಂತ ಆಚೆ ಹೋಗಿದ್ದ. ಮತ್ತೆ ಅದೇ ಕಥೆ: ಬೆಂಕಿ ಒಂದು ಕಡೆ, ಅದನ್ನ ನೋಡಬೇಕಾದ ಕಣ್ಣು ಇನ್ನೊಂದು ಕಡೆ. ವಾಟ್ ಕಡೆಯವರಿಗೆ ಇದು ಒಳ್ಳೆ ಅವಕಾಶವಾಯಿತು, ಹೆಚ್ಚಿನ ಒತ್ತಡದ ಉಗಿಯೇ ಅಪಾಯ ಅಂತ ಪ್ರಚಾರ ಮಾಡಿದರು. ಟ್ರೆವಿಥಿಕ್ ಹುಡುಗನನ್ನ ಬೈದು ಸುಮ್ಮನಾಗಬಹುದಿತ್ತು. ಅವನು ಮಾಡಿದ್ದು ಬೇರೆ. ಒಂದರ ಬದಲು ಎರಡು ಸೇಫ್ಟಿ ವಾಲ್ವ್ ಹಾಕಿದ, ಜೊತೆಗೆ ಬಾಯ್ಲರಿಗೆ ಒಂದು ಸೀಸದ ಬಿರಡೆ ಜಡಿದ. ನೀರು ಇರೋವರೆಗೆ ಆ ಬಿರಡೆ ತಣ್ಣಗಿರುತ್ತೆ. ನೀರು ಇಳಿದು ಹೋದರೆ ಸೀಸ ಕರಗುತ್ತೆ, ತೂತಿನಿಂದ ಉಗಿ ಹೊರಗೆ ನುಗ್ಗುತ್ತೆ. ಯಾರೂ ನೋಡದೆ ಇದ್ದರೂ ಬಾಯ್ಲರ್ ತಾನೇ ಕೂಗಿ ಹೇಳುತ್ತೆ.

ಇದು ನಿಮ್ಮ ಮನೇಲೂ ಇದೆ. ಪ್ರೆಷರ್ ಕುಕ್ಕರ್ ಮುಚ್ಚಳದ ಮೇಲೆ ವೆಯ್ಟ್ ಪಕ್ಕದಲ್ಲಿ ಒಂದು ಚಿಕ್ಕ ಸೇಫ್ಟಿ ವಾಲ್ವ್ ಇರುತ್ತಲ್ಲ, ಬೇಳೆ ಇಟ್ಟು ನೀರು ಹಾಕೋದು ಮರೆತಾಗ ಬುಸ್ ಅಂತ ಹೋಗಿಬಿಡುತ್ತಲ್ಲ, ಪಾತ್ರೆ ಅಂಗಡಿಗೆ ಹೋಗಿ ಹೊಸದು ಹಾಕಿಸಿಕೊಂಡು ಬರ್ತೀವಲ್ಲ, ಅದೇ. ಕೆಲಸ ಮಾಡೋ ರೀತಿ ಅದೇ, ಬೇಗ ಕರಗುವ ಲೋಹ. ಧಾರಾವಾಹಿ ನೋಡ್ತಾ ಒಲೆ ಮರೆತವರನ್ನೆಲ್ಲ ಕಾಯುತ್ತಿರೋದು ಎಂಜಿನ್ ಬಿಟ್ಟು ಹಾವುಮೀನಿಗೆ ಹೋದ ಒಬ್ಬ ಹುಡುಗನಿಂದ ಹುಟ್ಟಿದ ಉಪಾಯ.

ಸರಿ, ಪೆಟ್ರೋಲ್ ಕಾಲಕ್ಕೆ ಬರೋಣ. ಜರ್ಮನಿಯ ಕಾರ್ಲ್ ಬೆಂಝ್ 1886ರಲ್ಲಿ ತನ್ನ ಮೂರು ಗಾಲಿಯ ಮೋಟಾರು ಗಾಡಿಗೆ ಪೇಟೆಂಟ್ ತಗೊಂಡ. ಮೊದಮೊದಲ ಪ್ರದರ್ಶನವೊಂದರಲ್ಲಿ ಆ ಗಾಡಿಯನ್ನ ಹೋಗಿ ಗೋಡೆಗೆ ಗುದ್ದಿದ್ದ. ಪರಿಪೂರ್ಣವಾಗೋವರೆಗೆ ಹೊರಗೆ ತೋರಿಸಬಾರದು ಅನ್ನೋ ಸ್ವಭಾವದ ಮನುಷ್ಯ. ಅವನ ಹೆಂಡತಿ ಬೆರ್ತಾ 1888ರ ಆಗಸ್ಟ್‌ನಲ್ಲಿ ಗಂಡನಿಗೆ ಹೇಳದೆ, ಹದಿನೈದು ಮತ್ತು ಹದಿಮೂರು ವರ್ಷದ ಇಬ್ಬರು ಗಂಡುಮಕ್ಕಳನ್ನ ಕೂರಿಸಿಕೊಂಡು, ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ನ ತವರಿಗೆ ಹೊರಟಳು. ಸುಮಾರು ನೂರು ಕಿಲೋಮೀಟರ್. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು, ವೈರಿನ ಹೊದಿಕೆ ಸವೆದಾಗ ಕಾಲುಚೀಲದ ಪಟ್ಟಿ ಸುತ್ತಿದಳು, ವೀಸ್‌ಲೋಖ್ ಊರಿನ ಔಷಧಿ ಅಂಗಡಿಯಲ್ಲಿ ಇಂಧನ ಕೊಂಡಳು. ಇದನ್ನೆಲ್ಲ ನೀವು ಕೇಳಿರ್ತೀರಿ. ನನಗೆ ಇದಕ್ಕಿಂತ ಮುಖ್ಯ ಅನ್ಸೋದು ಆಮೇಲಿನದ್ದು. ಏರಿನಲ್ಲಿ ಗಾಡಿ ಹತ್ತಲಿಲ್ಲ, ಹುಡುಗರು ಇಳಿದು ತಳ್ಳಬೇಕಾಯ್ತು. ಬ್ರೇಕಿನ ಮರ ಸವೆದು ಹೋಯ್ತು, ಚಮ್ಮಾರನ ಹತ್ತಿರ ಚರ್ಮ ಹೊಡೆಸಬೇಕಾಯ್ತು. ಬೆರ್ತಾ ವಾಪಸ್ ಬಂದು ಇದನ್ನೆಲ್ಲ ಗಂಡನಿಗೆ ಒಂದೂ ಬಿಡದೆ ಹೇಳಿದಳು. ಏರಿಗೆ ಅಂತ ಒಂದು ಗೇರ್ ಜಾಸ್ತಿಯಾಯಿತು, ಬ್ರೇಕಿಗೆ ಚರ್ಮದ ಲೈನಿಂಗ್ ಬಂತು. ನಡುದಾರಿಯಲ್ಲಿ ಮಕ್ಕಳ ಕೈಲಿ ಗಾಡಿ ತಳ್ಳಿಸಿದ್ದನ್ನ ಮುಚ್ಚಿಟ್ಟು "ಚೆನ್ನಾಗಿ ಓಡ್ತು ಕಣ್ರೀ" ಅಂದಿದ್ದರೆ?

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಎಡವಟ್ಟು. 1896ರ ಡೆಟ್ರಾಯಿಟ್. ಎಡಿಸನ್ ವಿದ್ಯುತ್ ಕಂಪನಿಯಲ್ಲಿ ಚೀಫ್ ಎಂಜಿನಿಯರ್ ಆಗಿದ್ದ ಮೂವತ್ತೆರಡು ವರ್ಷದ ಹೆನ್ರಿ ಫೋರ್ಡ್, ಬ್ಯಾಗ್ಲಿ ಅವೆನ್ಯೂನ 58ನೇ ನಂಬರಿನ ಬಾಡಿಗೆ ಮನೆಯ ಹಿಂದಿನ ಇಟ್ಟಿಗೆ ಶೆಡ್ಡಿನಲ್ಲಿ, ಕೆಲಸ ಮುಗಿದ ಮೇಲೆ ರಾತ್ರಿಯೆಲ್ಲ ಕೂತು ತನ್ನ ಮೊದಲ ಗಾಡಿ ಕಟ್ಟುತ್ತಿದ್ದ. ಸೈಕಲ್ಲಿನಂಥ ನಾಲ್ಕು ಗಾಲಿ, ಎರಡು ಸಿಲಿಂಡರಿನ ಎಂಜಿನ್, ದೋಣಿಯ ಚುಕ್ಕಾಣಿಯಂಥ ಹಿಡಿ. ಮುಂದಕ್ಕೆ ಎರಡು ಗೇರ್, ಹಿಂದಕ್ಕೆ ಗೇರೇ ಇಲ್ಲ. ತೂಕ ಸುಮಾರು ಇನ್ನೂರ ಇಪ್ಪತ್ತೈದು ಕಿಲೋ. ಜೂನ್ 4ರ ಬೆಳಗಿನ ಜಾವ, ಊರೆಲ್ಲ ಮಲಗಿದ್ದಾಗ, ಗಾಡಿ ರೆಡಿ ಆಯಿತು. ಹೊರಗೆ ತರೋಣ ಅಂತ ನೋಡಿದರೆ ಶೆಡ್ಡಿನ ಬಾಗಿಲು ಗಾಡಿಗಿಂತ ಕಿರಿದು.

ತಿಂಗಳುಗಟ್ಟಲೆ ಒಂದೊಂದು ತುಂಡನ್ನೂ ಅಳತೆ ಮಾಡಿ ಕೆತ್ತಿದ ಮನುಷ್ಯ ಬಾಗಿಲನ್ನ ಅಳೆದಿರಲಿಲ್ಲ! ಬಿಡಿಭಾಗಗಳೆಲ್ಲ ಒಂದೊಂದಾಗಿ ಅದೇ ಬಾಗಿಲಿನಿಂದ ಒಳಗೆ ಬಂದಿದ್ದವು, ಅಲ್ವಾ, ಹಾಗಾಗಿ ಇಡಿಯಾಗಿ ಹೊರಗೆ ಹೋಗಬೇಕು ಅನ್ನೋ ಪ್ರಶ್ನೆಯೇ ಏಳಲಿಲ್ಲ. ನಮ್ಮ ಕಡೆ ಪ್ರತಿ ಎಂಜಿನಿಯರಿಂಗ್ ಕಾಲೇಜಿನಲ್ಲೂ ಲ್ಯಾಬಿನ ಬಾಗಿಲಿಗಿಂತ ದೊಡ್ಡದಾಗಿ ಕಟ್ಟಿದ ಒಂದು ಪ್ರಾಜೆಕ್ಟಿನ ಕಥೆ ಇರುತ್ತೆ, ಆ ವಂಶಕ್ಕೆಲ್ಲ ಮೂಲಪುರುಷ ಹೆನ್ರಿ ಫೋರ್ಡ್. ಅವನು ಗಾಡಿ ಬಿಚ್ಚೋಕೆ ಹೋಗಲಿಲ್ಲ. ಕೊಡಲಿ ತಗೊಂಡು ಬಾಗಿಲ ಪಕ್ಕದ ಇಟ್ಟಿಗೆ ಗೋಡೆಯನ್ನೇ ಒಡೆದ. ಸಹಾಯಕ ಜಿಮ್ ಬಿಷಪ್ ಎದುರು ಬರುವವರನ್ನ ಎಚ್ಚರಿಸೋಕೆ ಸೈಕಲ್ಲಿನಲ್ಲಿ ಮುಂದೆ ಹೋದ, ಫೋರ್ಡ್ ಹಿಂದೆ. ಮೊದಲ ಸುತ್ತಿನಲ್ಲೇ ಗಾಡಿ ದಾರಿಯಲ್ಲಿ ಕೆಟ್ಟು ನಿಂತಿತು ಕೂಡ, ಸರಿಮಾಡಿಕೊಂಡು ವಾಪಸ್ ಬಂದರು.

ಮಾರನೇ ದಿನ ಮನೆ ಮಾಲೀಕ ಬಂದು ಗೋಡೆ ನೋಡಿ ಕೆಂಡವಾದ, ಆಮೇಲೆ ಗಾಡಿ ನೋಡಿ ಕರಗಿಬಿಟ್ಟ, ಇಷ್ಟಗಲ ಬಾಗಿಲನ್ನೇ ಇಡೋಣ ಬಿಡಿ ಅಂದ ಅನ್ನೋದು ಫೋರ್ಡ್ ಬಗ್ಗೆ ಜನ ಹೇಳಿಕೊಂಡು ಬಂದ ಕಥೆ. ನಿಜವೇ ಇದ್ದರೆ ಅಂಥ ಓನರ್ ಸಿಕ್ಕಿದ್ದು ಪುಣ್ಯ. ಮುಂಬೈ, ಪುಣೆಯಲ್ಲಿ ಗೋಡೆಗೆ ಒಂದು ಮೊಳೆ ಹೊಡೆದಿದ್ದಕ್ಕೆ ಡಿಪಾಸಿಟ್‌ನಲ್ಲಿ ಹಿಡಿದುಕೊಳ್ಳೋ ಓನರುಗಳನ್ನ ನೋಡಿದವರಿಗೆ ಈ ಕಥೆ ನಂಬೋದು ಕಷ್ಟ. ಫೋರ್ಡ್ ಈ ಎಡವಟ್ಟನ್ನ ಎಂದೂ ಮುಚ್ಚಿಡಲಿಲ್ಲ. ಮುಂದೆ ಶ್ರೀಮಂತನಾದ ಮೇಲೆ ಡಿಯರ್‌ಬಾರ್ನ್‌ನ ತನ್ನ ಗ್ರೀನ್‌ಫೀಲ್ಡ್ ವಿಲೇಜ್ ಮ್ಯೂಸಿಯಂನಲ್ಲಿ ಆ ಶೆಡ್ಡನ್ನ ಮತ್ತೆ ಕಟ್ಟಿಸಿ ಜನರಿಗೆ ತೋರಿಸಿದ.

ಆದರೆ ಅದೇ ಫೋರ್ಡ್ ಇನ್ನೊಬ್ಬರ ಎಡವಟ್ಟಿನ ವಿಷಯದಲ್ಲಿ ಅಷ್ಟು ಉದಾರಿ ಆಗಿರಲಿಲ್ಲ. 1908ರಲ್ಲಿ ಬಂದ ಮಾಡೆಲ್ ಟಿ ಹತ್ತೊಂಬತ್ತು ವರ್ಷದಲ್ಲಿ ಒಂದೂವರೆ ಕೋಟಿ ಮಾರಾಟವಾಯಿತು. ಅಂದರೆ ಯಂತ್ರ ಮುಟ್ಟಿ ಗೊತ್ತಿಲ್ಲದ ರೈತರು, ಅಂಗಡಿಯವರು, ಮೇಷ್ಟ್ರುಗಳ ಮನೆಗೆ ಗಾಡಿ ಹೋಯಿತು. ಅದನ್ನ ಸ್ಟಾರ್ಟ್ ಮಾಡೋದು ಹೇಗೆ? ಮುಂದೆ ನಿಂತು ಹ್ಯಾಂಡಲ್ ತಿರುಗಿಸಬೇಕು. ಅದಕ್ಕೆ ಮೊದಲು ಸ್ಟೀರಿಂಗ್ ಪಕ್ಕದ ಒಂದು ಲಿವರನ್ನ ಮೇಲಕ್ಕೆ ತಳ್ಳಿ, ಕಿಡಿ ತಡವಾಗಿ ಹಾರುವ ಹಾಗೆ ಮಾಡಬೇಕು. ಮರೆತರೆ ಎಂಜಿನ್ ಉಲ್ಟಾ ಒದೆಯುತ್ತೆ, ಹ್ಯಾಂಡಲ್ ವಾಪಸ್ ತಿರುಗಿ ಕೈಗೆ ಬಡಿಯುತ್ತೆ. ಎಡಗೈಲಿ ತಿರುಗಿಸಿ, ಹೆಬ್ಬೆರಳನ್ನ ಹ್ಯಾಂಡಲಿಗೆ ಸುತ್ತಬೇಡಿ, ಬೇರೆ ಬೆರಳುಗಳ ಜೊತೆಗೇ ಇಡಿ ಅಂತ ಬಲ್ಲವರು ಹೇಳಿಕೊಡುತ್ತಿದ್ದರು. ಇಷ್ಟೆಲ್ಲ ಸರಿ ಮಾಡಿ ಹ್ಯಾಂಡ್‌ಬ್ರೇಕ್ ಲಿವರ್ ಪೂರ್ತಿ ಹಿಂದಕ್ಕೆ ಎಳೆಯೋದು ಮರೆತಿದ್ದರೆ ಎಂಜಿನ್ ಸ್ಟಾರ್ಟ್ ಆದ ತಕ್ಷಣ ಕಾರು ಮುಂದಕ್ಕೆ ಬರುತ್ತೆ. ಎದುರಿಗೆ ನಿಂತಿರೋದು ಯಾರು? ಓನರ್ರೇ. ಹಿಂದೆ ಅವನದೇ ಕೊಟ್ಟಿಗೆಯ ಗೋಡೆ. ಚಳಿಯಲ್ಲಿ ಆಯಿಲ್ ಗಟ್ಟಿಯಾದರೆ ಲಿವರ್ ಎಳೆದಿದ್ದರೂ ಕ್ಲಚ್ ಅಂಟಿಕೊಂಡು ಗಾಡಿ ತೆವಳುತ್ತಿತ್ತು. ಅದಕ್ಕೆ ಜನ ಹಿಂದಿನ ಗಾಲಿಗೆ ಜಾಕ್ ಕೊಟ್ಟು ಎತ್ತಿ ಸ್ಟಾರ್ಟ್ ಮಾಡೋದನ್ನ ಕಲಿತರು.

ಹ್ಯಾಂಡಲ್ ಹೊಡೆತ ಎಷ್ಟು ಮಾಮೂಲಿ ಆಗಿತ್ತು ಅಂದರೆ, ಹೆಬ್ಬೆರಳಿನ ಕಡೆಯ ಮಣಿಕಟ್ಟಿನ ಮೂಳೆ ಒಂದು ರೀತಿಯಲ್ಲಿ ಮುರಿಯೋದಕ್ಕೆ ಇವತ್ತಿಗೂ ಮೂಳೆ ಡಾಕ್ಟರುಗಳು "ಶೋಫರ್ಸ್ ಫ್ರ್ಯಾಕ್ಚರ್" ಅಂತಾರೆ, ಡ್ರೈವರನ ಮುರಿತ ಅಂತ. ಒಂದು ತಪ್ಪಿಗೆ ವೈದ್ಯಕೀಯ ಪುಸ್ತಕದಲ್ಲಿ ಹೆಸರು ಬಂದಿದೆ ಅಂದಮೇಲೆ ಅದು ಒಬ್ಬಿಬ್ಬರ ಮರೆವು ಅಲ್ಲ, ಗಾಡಿಯ ಗುಣ. ಇದನ್ನ ಹಾಗೆ ಕಂಡವನು ಕ್ಯಾಡಿಲಾಕ್ ಕಂಪನಿಯ ಹೆನ್ರಿ ಲೆಲ್ಯಾಂಡ್. ಅವನ ಪರಿಚಯದ ಬೈರನ್ ಕಾರ್ಟರ್ ಅನ್ನೋ ಕಾರ್ ತಯಾರಕ 1908ರಲ್ಲಿ ತೀರಿಕೊಂಡಿದ್ದ, ಹ್ಯಾಂಡಲ್ ಹೊಡೆತವೇ ಕಾರಣ ಅಂತ ಕಾರ್ ಉದ್ಯಮದಲ್ಲಿ ಎಲ್ಲರೂ ಹೇಳೋ ಮಾತು. ಲೆಲ್ಯಾಂಡ್‌ಗೆ ಬೇಕಾದ್ದನ್ನ ಮಾಡಿಕೊಟ್ಟವನು ಚಾರ್ಲ್ಸ್ ಕೆಟರಿಂಗ್. ಮೊದಲು ಅಂಗಡಿಗಳ ಕ್ಯಾಶ್ ರಿಜಿಸ್ಟರಿಗೆ ಎಲೆಕ್ಟ್ರಿಕ್ ಮೋಟಾರ್ ಅಳವಡಿಸಿದ್ದವನು. ಗಲ್ಲಾಪೆಟ್ಟಿಗೆ ತೆರೆಯೋಕೆ ಮೋಟಾರ್ ಒಂದು ಕ್ಷಣ ಜೋರಾಗಿ ಕೆಲಸ ಮಾಡಿದರೆ ಸಾಕು, ಕಾರ್ ಸ್ಟಾರ್ಟ್ ಮಾಡೋಕೂ ಅಷ್ಟೇ ಅಂತ ಅವನಿಗೆ ಹೊಳೀತು. 1912ರ ಕ್ಯಾಡಿಲಾಕ್ ಸೆಲ್ಫ್ ಸ್ಟಾರ್ಟರ್ ಜೊತೆ ಬಂತು. ಫೋರ್ಡ್ ತನ್ನ ಮಾಡೆಲ್ ಟಿಗೆ ಅದನ್ನ ತಂದದ್ದು 1919ಕ್ಕೆ. ಆ ಏಳು ವರ್ಷ ಎಷ್ಟು ಮಣಿಕಟ್ಟು ಮುರಿದವೋ.

ನಮ್ಮ ದೇಶದಲ್ಲಿ ಹ್ಯಾಂಡಲ್ ಅಷ್ಟು ಬೇಗ ಹೋಗಲಿಲ್ಲ. ಅಂಬಾಸಡರ್ ಡಿಕ್ಕಿಯಲ್ಲಿ ಒಂದು ಹ್ಯಾಂಡಲ್ ಬಿದ್ದಿರುತ್ತಿತ್ತು, ಬ್ಯಾಟರಿ ಕೈಕೊಟ್ಟ ದಿನಕ್ಕೆ. ಆದರೆ ನಮ್ಮವರ ಎಡವಟ್ಟಿನ ನಿಜವಾದ ಅಖಾಡ ಎರಡು ಗಾಲಿಯದ್ದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ 1996ರವರೆಗೆ ಮೊದಲು ಜಾವಾ, ಆಮೇಲೆ ಯೆಜ್ಡಿ ಅನ್ನೋ ಹೆಸರಲ್ಲಿ ಬೈಕುಗಳನ್ನ ಮಾಡಿತು. ಅದರಲ್ಲಿ ಕಿಕ್ಕರ್ರೂ ಗೇರ್ ಲಿವರ್ರೂ ಒಂದೇ. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಮುಂದಕ್ಕೆ ಇಳಿಸಿದರೆ ಗೇರ್. ಗೊತ್ತಿಲ್ಲದವನಿಗೆ ಗಾಡಿ ಕೊಟ್ಟರೆ ಕಿಕ್ಕರ್ ಎಲ್ಲಿ ಅಂತ ಸುತ್ತ ಹುಡುಕುತ್ತಿದ್ದ. ಇನ್ನೊಂದು ವಿಚಿತ್ರ: ಆ ಕಾಲದ ಟು-ಸ್ಟ್ರೋಕ್ ಎಂಜಿನ್‌ಗಳು ಉಲ್ಟಾ ದಿಕ್ಕಿಗೂ ತಿರುಗಬಲ್ಲವು. ಅರ್ಧಂಬರ್ಧ ಕಿಕ್ ಹೊಡೆದು ಎಂಜಿನ್ ವಾಪಸ್ ಒದ್ದರೆ ಕೆಲವೊಮ್ಮೆ ಉಲ್ಟಾನೇ ಸ್ಟಾರ್ಟ್ ಆಗಿಬಿಡುತ್ತೆ. ಶಬ್ದದಲ್ಲಿ ದೊಡ್ಡ ವ್ಯತ್ಯಾಸ ಗೊತ್ತಾಗಲ್ಲ. ಫಸ್ಟ್ ಗೇರ್ ಹಾಕಿ ಕ್ಲಚ್ ಬಿಟ್ಟರೆ ಬೈಕ್ ಹಿಂದಕ್ಕೆ ಹೊರಡುತ್ತೆ!

ಚೆನ್ನೈ ತಿರುವೊಟ್ರಿಯೂರಿನ ಬುಲೆಟ್ ಇನ್ನೊಂದು ಥರ. ಹಳೇ ಬ್ರಿಟಿಷ್ ಪದ್ಧತಿಯಂತೆ ಅದಕ್ಕೆ ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ. ಉಳಿದ ಬೈಕುಗಳಿಗೆ ಅದರ ಉಲ್ಟಾ. ಗೆಳೆಯನ ಬುಲೆಟ್ ಕೇಳಿ ತಗೊಂಡು ಹೋದವನು ಗಾಬರಿಯಲ್ಲಿ ಬಲಗಾಲು ಒತ್ತಿದರೆ ಬ್ರೇಕಿನ ಬದಲು ಗೇರ್ ಬೀಳುತ್ತಿತ್ತು. ಅಮೆರಿಕದಲ್ಲಿ ಗೇರ್ ಎಡಕ್ಕೆ, ಬ್ರೇಕ್ ಬಲಕ್ಕೆ ಅಂತ 1970ರ ದಶಕದಲ್ಲೇ ಕಡ್ಡಾಯ ಮಾಡಿದ್ದರು. ನಮ್ಮ ಬುಲೆಟ್ ಪೂರ್ತಿ ಬದಲಾಗೋಕೆ ಈ ಶತಮಾನ ಬರಬೇಕಾಯಿತು. ನಡುವಿನ ಮೂವತ್ತು ವರ್ಷ "ಬುಲೆಟ್ ಓಡಿಸೋಕೆ ಗಂಡಸೇ ಬೇಕು" ಅನ್ನೋ ಮಾತಿನಲ್ಲಿ ಆ ಗೊಂದಲವನ್ನೇ ಹೆಮ್ಮೆ ಮಾಡಿಕೊಂಡೆವು. ನನಗೇನೋ ಇದು ತಪ್ಪು ಮುಚ್ಚಿಡೋದಕ್ಕಿಂತ ಕೆಟ್ಟದ್ದು ಅನ್ಸುತ್ತೆ.

ಬಜಾಜ್ ಚೇತಕ್ ಬಗ್ಗೆ ಹೇಳದಿದ್ದರೆ ಪುಣೆಯವರು ಬೇಜಾರು ಮಾಡಿಕೊಳ್ತಾರೆ. ಬೆಳಗ್ಗೆ ಆಫೀಸಿಗೆ ಹೊರಟ ಅಪ್ಪ, ಟೈ ಕಟ್ಟಿಕೊಂಡು, ಕಿಕ್ ಮೇಲೆ ಕಿಕ್. ಆಮೇಲೆ ಸ್ಕೂಟರನ್ನ ಪೂರ್ತಿ ಒಂದು ಕಡೆಗೆ ವಾಲಿಸಿ ಎತ್ತೋದು, ಮತ್ತೆ ಕಿಕ್. ಯಾಕೆ ವಾಲಿಸ್ತಾರೆ ಅಂತ ಕೇಳಿದರೆ ಒಬ್ಬೊಬ್ಬರದ್ದು ಒಂದೊಂದು ಥಿಯರಿ. ಕೊನೆಗೆ ಮೆಟ್ಟಿಲ ಮೇಲೆ ನಿಂತ ಮಗು "ಪೆಟ್ರೋಲ್ ನಲ್ಲಿ ಆಫ್ ಇದೆ" ಅನ್ನೋದು.

ಸೈಡ್ ಸ್ಟ್ಯಾಂಡ್ ತೆಗೆಯೋದು ಮರೆತು ಹೊರಡೋದು ಇವೆಲ್ಲಕ್ಕಿಂತ ಅಪಾಯ. ಎಡಕ್ಕೆ ತಿರುಗುವಾಗ ಸ್ಟ್ಯಾಂಡ್ ರಸ್ತೆಗೆ ತಗುಲಿ ಗಾಡಿ ಎಗರಿಸಿಬಿಡುತ್ತೆ. ಇದಕ್ಕೆ ನಮ್ಮ ದೇಶ ಬಹಳ ಕಾಲ ಬಳಸಿದ ಸುರಕ್ಷತಾ ಸಾಧನ ಅಂದರೆ ಅಪರಿಚಿತರ ಗಂಟಲು. ಹೈದರಾಬಾದೋ ದೆಹಲಿಯೋ, ಅಲ್ಲಿನ ಭಾಷೆ ಒಂದಕ್ಷರ ಬರದ ದಿನಗಳಲ್ಲೂ "ಸ್ಟ್ಯಾಂಡ್! ಸ್ಟ್ಯಾಂಡ್!" ಅಂತ ಪಕ್ಕದ ಆಟೋದವನು ಕೂಗಿದ್ದು ನಮಗೆಲ್ಲ ಅರ್ಥ ಆಗಿದೆ. ಎಂಜಿನ್ ತಾನೇ ಆಫ್ ಆಗುವ ಸ್ವಿಚ್ ಸಾಮಾನ್ಯ ಬೈಕು ಸ್ಕೂಟರುಗಳಿಗೂ ವ್ಯಾಪಕವಾಗಿ ಬಂದದ್ದು 2020ರ ಆಸುಪಾಸಿನಲ್ಲಿ. ಒಂದು ಸ್ವಿಚ್ಚು, ಎರಡು ವೈರು. ತಂತ್ರಜ್ಞಾನ ಇರಲಿಲ್ಲ ಅಂತ ಯಾರೂ ಹೇಳೋ ಹಾಗಿಲ್ಲ.

ಇಲ್ಲಿಂದ ಮುಂದೆ ನಗು ಕಡಿಮೆ. 1986ರ ನವೆಂಬರ್‌ನಲ್ಲಿ ಅಮೆರಿಕದ ಸಿಬಿಎಸ್ ಚಾನೆಲ್ಲಿನ "60 ಮಿನಿಟ್ಸ್" ಕಾರ್ಯಕ್ರಮ ಆಡಿ 5000 ಅನ್ನೋ ಆಟೋಮ್ಯಾಟಿಕ್ ಕಾರಿನ ಬಗ್ಗೆ ಬಂತು. ಮನೆ ಮುಂದೆ, ಗ್ಯಾರೇಜಿನಲ್ಲಿ, ಗೇರ್ ಪಾರ್ಕ್‌ನಿಂದ ತೆಗೆದ ಕೂಡಲೇ ಕಾರು ತಾನಾಗಿ ನುಗ್ಗುತ್ತೆ, ಬ್ರೇಕ್ ಒತ್ತಿದರೂ ನಿಲ್ಲಲ್ಲ ಅಂತ ಓನರುಗಳು ಹೇಳಿದರು. ಅವರಲ್ಲಿ ಒಬ್ಬ ತಾಯಿ ಇದ್ದರು. ಗ್ಯಾರೇಜ್ ಬಾಗಿಲು ತೆಗೆಯೋಕೆ ಇಳಿದಿದ್ದ ಆರು ವರ್ಷದ ಮಗ ಆ ಕಾರಿಗೆ ಸಿಕ್ಕಿ ತೀರಿಹೋಗಿದ್ದ. ಕಾರ್ಯಕ್ರಮದಲ್ಲಿ ಆಕ್ಸಿಲರೇಟರ್ ಪೆಡಲ್ ತಾನೇ ಕೆಳಗಿಳಿಯೋ ದೃಶ್ಯ ತೋರಿಸಿದರು. ಹಾಗೆ ಆಗಲಿ ಅಂತ ಗೇರ್‌ಬಾಕ್ಸಿಗೆ ತೂತು ಕೊರೆದು ಹೊರಗಿನಿಂದ ಗಾಳಿಯ ಒತ್ತಡ ಕೊಟ್ಟಿದ್ದರು ಅನ್ನೋದು ಆಮೇಲೆ ಹೊರಗೆ ಬಂತು.

ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆ 1989ರಲ್ಲಿ ಕೊಟ್ಟ ವರದಿ ಏನಂದಿತು? ಬಹುತೇಕ ಪ್ರಕರಣಗಳಲ್ಲಿ ಚಾಲಕರು ಬ್ರೇಕ್ ಅಂದುಕೊಂಡು ಆಕ್ಸಿಲರೇಟರ್ ಒತ್ತಿದ್ದರು. ಕಾರು ನುಗ್ಗಿದಷ್ಟೂ "ಬ್ರೇಕ್" ಜೋರಾಗಿ ಒತ್ತಿದರು. ಸುಳ್ಳು ಹೇಳುತ್ತಿರಲಿಲ್ಲ ಅವರು. ಕಾಲು ಬ್ರೇಕ್ ಮೇಲಿದೆ ಅಂತ ಮೈಯೇ ನಂಬಿತ್ತು. ಬಹಳ ಜನ ಈ ಕಥೆಯನ್ನ ಇಲ್ಲಿಗೆ ನಿಲ್ಲಿಸಿ "ನೋಡಿ, ಡ್ರೈವರುಗಳದ್ದೇ ತಪ್ಪು, ಟಿವಿಯವರು ಮೋಸ ಮಾಡಿದರು" ಅಂತಾರೆ. ಟಿವಿಯವರ ಬಗ್ಗೆ ಅದು ನಿಜ. ಆದರೆ ಅದೇ ವರದಿ ಪೆಡಲುಗಳ ಜೋಡಣೆಯ ಬಗ್ಗೆಯೂ, ಎಂಜಿನ್ನಿನ ಐಡ್ಲಿಂಗ್ ಹಿಡಿತದಲ್ಲಿಡೋ ಭಾಗ ಕೆಟ್ಟಾಗ ಕಾರು ಸಣ್ಣದಾಗಿ ಜಗ್ಗಿ ಚಾಲಕರನ್ನ ಬೆಚ್ಚಿಬೀಳಿಸಿರಬಹುದು ಅನ್ನೋದರ ಬಗ್ಗೆಯೂ ಹೇಳಿತು. ಅಷ್ಟರಲ್ಲಿ ಆಡಿ ಕಂಪನಿ ಒಂದು ಚಿಕ್ಕ ಬೀಗ ಹಾಕಿತ್ತು: ಬ್ರೇಕ್ ಒತ್ತದಿದ್ದರೆ ಗೇರ್ ಪಾರ್ಕ್‌ನಿಂದ ಹೊರಗೆ ಬರಲ್ಲ. 1987ರಲ್ಲಿ ಸುಮಾರು ಎರಡೂವರೆ ಲಕ್ಷ ಕಾರುಗಳನ್ನ ವಾಪಸ್ ಕರೆಸಿ ಅದನ್ನ ಕೂರಿಸಿದರು. ಇವತ್ತು ನೀವು ಕೊಳ್ಳುವ ಯಾವ ಆಟೋಮ್ಯಾಟಿಕ್ ಕಾರನ್ನೇ ನೋಡಿ, ಬ್ರೇಕ್ ತುಳಿಯದೆ ಪಾರ್ಕ್‌ನಿಂದ ಗೇರ್ ಬರಲ್ಲ. ಆಡಿಗೆ ಆದ ನಷ್ಟ ಮಾತ್ರ ಭಾರೀ. 1985ರಲ್ಲಿ ಅಮೆರಿಕದಲ್ಲಿ ವರ್ಷಕ್ಕೆ 74 ಸಾವಿರ ಕಾರು ಮಾರುತ್ತಿದ್ದ ಕಂಪನಿ 1991ಕ್ಕೆ 12 ಸಾವಿರಕ್ಕೆ ಇಳಿಯಿತು. ಚಾಲಕರದ್ದೇ ತಪ್ಪು ಅಂತ ವಾದ ಮಾಡುತ್ತಾ ಕಳೆದ ತಿಂಗಳುಗಳಲ್ಲಿ ಆ ಬೀಗ ಹಾಕಿದ್ದಿದ್ದರೆ ಅಂತ ನನಗೆ ಅನ್ಸುತ್ತೆ.

ಕೊನೆಯದು ಹಿಂದಕ್ಕೆ ತೆಗೆಯೋದು. 2002ರಲ್ಲಿ ಅಮೆರಿಕದ ಒಬ್ಬ ಮಕ್ಕಳ ಡಾಕ್ಟರು ರಾತ್ರಿ ತಮ್ಮ ಮನೆ ಅಂಗಳದಲ್ಲಿ ಎಸ್‌ಯುವಿಯನ್ನ ರಿವರ್ಸ್ ತೆಗೆದರು. ಹಿಂದೆ ಅವರ ಎರಡು ವರ್ಷದ ಮಗ ಇದ್ದ. ಅವರು ಕನ್ನಡಿ ನೋಡಿದ್ದರು, ಹಿಂದೆ ತಿರುಗಿ ನೋಡಿದ್ದರು. ಅಷ್ಟು ಎತ್ತರದ ಗಾಡಿಯ ಹಿಂದೆ ಅಷ್ಟು ಚಿಕ್ಕ ಮಗು ಯಾವ ಕನ್ನಡಿಗೂ ಬೀಳಲ್ಲ. ಇದನ್ನ ಎಡವಟ್ಟು ಅನ್ನೋ ಪದದಲ್ಲಿ ಹೇಳೋಕೆ ನನಗೆ ಬಾಯಿ ಬರಲ್ಲ. ಇಂಥದ್ದು ಆದಮೇಲೆ ಜನ ಮನೆ ಬಾಗಿಲು ಮುಚ್ಚಿಕೊಂಡು ಬಿಡ್ತಾರೆ, ಯಾರಿಗೂ ಮುಖ ತೋರಿಸಲ್ಲ, ಅದು ಸಹಜ. ಈ ತಂದೆ ಹೊರಗೆ ಬಂದು, ತನ್ನ ಮಗ ಸತ್ತದ್ದು ತನ್ನದೇ ಗಾಡಿಯ ಕೆಳಗೆ ಅಂತ ಹೇಳುತ್ತಾ, ವರ್ಷಗಟ್ಟಲೆ ಕಾನೂನಿಗಾಗಿ ಓಡಾಡಿದರು. ಆಮೇಲೆ ಗೊತ್ತಾಯಿತು, ಅವರು ಒಬ್ಬರೇ ಅಲ್ಲ ಅಂತ. ಅಮೆರಿಕ ಒಂದರಲ್ಲೇ ಗಾಡಿ ಹಿಂದಕ್ಕೆ ತೆಗೆಯುವಾಗ ಸಾಯುವವರು ವರ್ಷಕ್ಕೆ ಸರಾಸರಿ 210 ಜನ, ಗಾಯಗೊಳ್ಳುವವರು 15,000 ಅಂತ ಸರ್ಕಾರವೇ ಲೆಕ್ಕ ಕೊಟ್ಟಿತು. ಸತ್ತವರಲ್ಲಿ ಮೂರರಲ್ಲಿ ಒಂದು ಪಾಲಿನ ಹತ್ತಿರ ಐದು ವರ್ಷದೊಳಗಿನ ಮಕ್ಕಳು. ಆ ಮಗುವಿನ ಹೆಸರಲ್ಲೇ 2008ರಲ್ಲಿ ಕಾನೂನು ಬಂತು. ನಿಯಮ ಜಾರಿ ಮಾಡೋ ಗಡುವು ಮತ್ತೆ ಮತ್ತೆ ಮುಂದಕ್ಕೆ ಹೋಯಿತು, ಪೋಷಕರು ಕೋರ್ಟಿಗೆ ಹೋಗಬೇಕಾಯಿತು. 2018ರ ಮೇ ತಿಂಗಳಿಂದ ಅಲ್ಲಿ ಮಾರೋ ಹೊಸ ಕಾರುಗಳಿಗೆಲ್ಲ ರಿವರ್ಸ್ ಕ್ಯಾಮೆರಾ ಕಡ್ಡಾಯ.

ನಮ್ಮಲ್ಲಿ 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ರಿವರ್ಸ್ ಪಾರ್ಕಿಂಗ್ ಸೆನ್ಸರ್ ಕಡ್ಡಾಯವಾಗಿದೆ. ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಬೆಳಗ್ಗೆ ಎಂಟು ಗಂಟೆಗೆ ಕೇಳಿಸೋ ಆ ಬೀಪ್ ಬೀಪ್ ಅದೇ. ಅದಕ್ಕೆ ಮೊದಲಿನ ಗಾಡಿಗಳಲ್ಲಿ ರಿವರ್ಸ್ ಹಾಕಿದರೆ ಸಾರೇ ಜಹಾಂಸೆ ಅಚ್ಛಾ ಬಾರಿಸೋ ಹಾರ್ನ್ ಇರುತ್ತಿತ್ತು, ನೆನಪಿರಬಹುದು. ಅದು ಹಿಂದೆ ಇರೋ ಮನುಷ್ಯನಿಗೆ ಓಡು ಅಂತ ಹೇಳುತ್ತಿತ್ತು, ಒಳಗೆ ಕೂತವನಿಗೆ ಏನೂ ಹೇಳುತ್ತಿರಲಿಲ್ಲ. 2019ಕ್ಕಿಂತ ಹಳೆಯ ಕಾರು ನಿಮ್ಮದಾದರೆ ಆಕ್ಸೆಸರಿ ಅಂಗಡಿಯಲ್ಲಿ ಸೆನ್ಸರ್ ಹಾಕಿಸಬಹುದು, ಕ್ಯಾಮೆರಾನೂ ಹಾಕಿಸಬಹುದು. ಹಾಕಿಸದೆ ಇರೋರಿಗೆ ಹಿಂದೆ ನಿಂತು ಕೈ ಆಡಿಸೋ ವಾಚ್‌ಮನ್ ಇದ್ದಾರೆ: ಮುಂಬೈಯಲ್ಲಿ "ಆನೇ ದೋ, ಆನೇ ದೋ", ಚೆನ್ನೈಯಲ್ಲಿ "ವಾ, ವಾ, ವಾ", ನಮ್ಮೂರಲ್ಲಿ "ಬರ್ಲಿ, ಬರ್ಲಿ... ಸಾಕು ಸಾರ್, ಸಾಕು, ಸಾಕು!"